ಪಾಯಿಂಟಿನ ದುಡ್ಡು ಯಾರ ಜೇಬಿನದು?

ಮಾರ್ಚ್ 15 ಹತ್ತಿರ ಬಂತೆಂದರೆ ಮುಂಗಡ ತೆರಿಗೆಯ ಕೊನೆಯ ಕಂತಿನ ಗಡಿಬಿಡಿ ಶುರುವಾಗುತ್ತದೆ. ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳ ಹದಿನೈದನೇ ತಾರೀಕುಗಳನ್ನು ಹೇಗೋ ದಾಟಿಸಿದವರೂ ಅಂದು ವರ್ಷದ ಬಾಕಿಯನ್ನೆಲ್ಲ ಚುಕ್ತಾ ಮಾಡಬೇಕು. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ‘ಇ-ಪೇ ಟ್ಯಾಕ್ಸ್’ ತೆರೆದು, ಪ್ಯಾನ್ ಕೊಟ್ಟು, ಮೊತ್ತ ತುಂಬಿದರೆ ದುಡ್ಡು ಕಟ್ಟುವ ದಾರಿಗಳು ಒಂದೊಂದಾಗಿ ಕಾಣಿಸುತ್ತವೆ: ನೆಟ್ ಬ್ಯಾಂಕಿಂಗ್, ಡೆಬಿಟ್ ಕಾರ್ಡ್, ಬ್ಯಾಂಕಿನ ಕೌಂಟರ್, ಆರ್‌ಟಿಜಿಎಸ್ ಅಥವಾ ನೆಫ್ಟ್, ಪೇಮೆಂಟ್ ಗೇಟ್‌ವೇ. ಈ ಗೇಟ್‌ವೇ ಒಳಗಡೆ ಕ್ರೆಡಿಟ್ ಕಾರ್ಡ್‌ಗೂ ಜಾಗವಿದೆ. ಅದನ್ನು ಕಂಡ ಯಾರಿಗಾದರೂ ಒಂದು ಯೋಚನೆ ಸುಳಿಯುವುದು ಸಹಜ. ತೆರಿಗೆ ಹೇಗೂ ಕಟ್ಟಲೇಬೇಕಾದದ್ದು. ಕಾರ್ಡ್‌ನಲ್ಲಿ ಕಟ್ಟಿದರೆ ಪಾಯಿಂಟಾದರೂ ಸಿಗುತ್ತದಲ್ಲ? ಕಿರಾಣಿ ಸಾಮಾನಿಗೆ, ವಿಮಾನದ ಟಿಕೆಟ್ಟಿಗೆ ಪಾಯಿಂಟ್ ಕೊಡುವ ಬ್ಯಾಂಕು ಎರಡು ಲಕ್ಷದ ತೆರಿಗೆಗೆ ಕೊಡದಿರುತ್ತದೆಯೇ? ಈ ಪ್ರಶ್ನೆಗೆ ಲೆಕ್ಕದ ಉತ್ತರವೊಂದಿದೆ, ಅದನ್ನು ಮುಂದೆ ನೋಡೋಣ. ಆದರೆ ಅದಕ್ಕಿಂತ ದೊಡ್ಡ ಸಂಗತಿಯೊಂದು ಇದರ ಹಿಂದಿದೆ. ಕಾರ್ಡಿನ ಪಾಯಿಂಟಿಗೆ ನಿಜವಾಗಿ ದುಡ್ಡು ಕೊಡುವವರು ಯಾರು ಎಂಬುದು ಬೇರೆಲ್ಲ ಕಡೆ ಮರೆಯಲ್ಲಿರುತ್ತದೆ. ತೆರಿಗೆ ಕಟ್ಟುವ ಕಡೆ ಮಾತ್ರ ಅದು ಬಯಲಿಗೆ ಬರುತ್ತದೆ. ಹಾಗೆ ಬಯಲಿಗೆ ಬರುವುದೇ ಸರಿ, ಅದನ್ನು ಬದಲಿಸಬಾರದು ಎಂಬುದು ಈ ಲೇಖನದ ವಾದ.

ಮೊದಲು ಅಂಗಡಿಯ ವ್ಯವಹಾರವನ್ನೇ ನೋಡಿ. ಸಾವಿರ ರೂಪಾಯಿಯ ಸಾಮಾನು ಕೊಂಡು ಕ್ರೆಡಿಟ್ ಕಾರ್ಡ್ ಉಜ್ಜಿದರೆ ಅಂಗಡಿಯವರ ಖಾತೆಗೆ ಪೂರ್ತಿ ಸಾವಿರ ಬರುವುದಿಲ್ಲ. ಅವರಿಗೆ ಮೆಷಿನ್ ಕೊಟ್ಟ ಬ್ಯಾಂಕು ಎಂಡಿಆರ್ ಎಂಬ ಶುಲ್ಕ ಹಿಡಿದುಕೊಂಡು ಉಳಿದದ್ದನ್ನು ಹಾಕುತ್ತದೆ. ಆ ಶುಲ್ಕದ ಹೆಚ್ಚಿನ ಪಾಲು ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ, ಒಂದು ಪಾಲು ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಜಾಲಕ್ಕೆ, ಉಳಿದದ್ದು ಮೆಷಿನ್ ಕೊಟ್ಟವರಿಗೆ. ಕಾರ್ಡ್ ಕೊಟ್ಟ ಬ್ಯಾಂಕು ತನ್ನ ಪಾಲಿನಿಂದಲೂ, ಬಾಕಿ ಉಳಿಸಿಕೊಂಡವರು ಕಟ್ಟುವ ಬಡ್ಡಿಯಿಂದಲೂ ಒಂದಿಷ್ಟು ತೆಗೆದು ಗಿರಾಕಿಗೆ ಪಾಯಿಂಟಿನ ರೂಪದಲ್ಲಿ ವಾಪಸು ಕೊಡುತ್ತದೆ. ಅಂಗಡಿಯವರು ನಷ್ಟ ಮಾಡಿಕೊಂಡು ವ್ಯಾಪಾರ ಮಾಡುವುದಿಲ್ಲವಷ್ಟೆ. ಶುಲ್ಕವನ್ನು ಸಾಮಾನಿನ ಬೆಲೆಯಲ್ಲೇ ಸೇರಿಸಿರುತ್ತಾರೆ. ಲಾಭದ ಅಂಚು ತೀರಾ ಕಡಿಮೆ ಇರುವ ಕಡೆ, ಚಿನ್ನದ ಅಂಗಡಿಯಲ್ಲೋ ಮೊಬೈಲ್ ಅಂಗಡಿಯಲ್ಲೋ, ‘ಕಾರ್ಡಾದ್ರೆ ಎರಡು ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ ಸರ್’ ಎಂಬ ಮಾತು ಕೇಳಿಸುತ್ತದೆ. ಗಿರಾಕಿಗೆ ಆಗ ಸಿಟ್ಟು ಬರುತ್ತದೆ. ಆದರೆ ಉಳಿದ ಅಂಗಡಿಗಳಲ್ಲಿ ಹೇಳದೆಯೇ ಬೆಲೆಯಲ್ಲಿ ಸೇರಿಸಿ ವಸೂಲು ಮಾಡುವುದನ್ನು ಆ ಅಂಗಡಿಯವರು ಬಾಯಿಬಿಟ್ಟು ಕೇಳಿದರು, ಅಷ್ಟೇ ವ್ಯತ್ಯಾಸ.

ತೆರಿಗೆಯಲ್ಲಿ ಹೀಗೆ ಬೆಲೆಯೊಳಗೆ ಬಚ್ಚಿಡಲು ಜಾಗವೇ ಇಲ್ಲ. ನೀವು ಕಟ್ಟಬೇಕಾದದ್ದು ಎರಡು ಲಕ್ಷವಾದರೆ ಸರ್ಕಾರದ ಖಜಾನೆಗೆ ಎರಡು ಲಕ್ಷವೇ ಮುಟ್ಟಬೇಕು. 1,98,000 ಮುಟ್ಟಿದರೆ ಎರಡು ಸಾವಿರ ಬಾಕಿ ಎಂದೇ ಲೆಕ್ಕ. ಹಾಗಾಗಿ ಶುಲ್ಕ ತೆರಿಗೆಯ ಮೇಲೆ ಪ್ರತ್ಯೇಕವಾಗಿ ಬೀಳುತ್ತದೆ. ಗೇಟ್‌ವೇಯ ಶುಲ್ಕ ಆಯಾ ಬ್ಯಾಂಕಿನ ಷರತ್ತಿಗೆ ಒಳಪಟ್ಟದ್ದು, ತೆರಿಗೆ ಮೊತ್ತದ ಮೇಲೆ ಹೆಚ್ಚುವರಿಯಾಗಿ ಬರುವಂಥದ್ದು, ಅದರಲ್ಲಿ ತನಗೇನೂ ಸೇರುವುದಿಲ್ಲ ಎಂದು ಇಲಾಖೆ ತನ್ನ ಸೂಚನೆಯಲ್ಲೇ ಹೇಳಿದೆ. ಕ್ರೆಡಿಟ್ ಕಾರ್ಡ್‌ಗೆ ಇದು ಸಾಮಾನ್ಯವಾಗಿ ಶೇ 1ರ ಆಸುಪಾಸಿನಲ್ಲಿರುತ್ತದೆ, ಅದರ ಮೇಲೆ ಶೇ 18 ಜಿಎಸ್‌ಟಿ. ಯುಪಿಐನಲ್ಲೋ ರುಪೇ ಡೆಬಿಟ್ ಕಾರ್ಡ್‌ನಲ್ಲೋ ಕಟ್ಟಿದರೆ ಶುಲ್ಕವಿಲ್ಲ, ಏಕೆಂದರೆ ಆ ಎರಡಕ್ಕೂ 2020ರ ಜನವರಿ 1ರಿಂದ ಎಂಡಿಆರ್ ಅನ್ನೇ ತೆಗೆದುಹಾಕಲಾಗಿದೆ. ತೆರಿಗೆಗೆ ಯುಪಿಐ ಮಿತಿಯನ್ನು 2024ರ ಸೆಪ್ಟೆಂಬರ್‌ನಲ್ಲಿ 5 ಲಕ್ಷ ರೂಪಾಯಿಗೆ ಏರಿಸಿದ ಮೇಲೆ ಮಧ್ಯಮ ವರ್ಗದ ಬಹುಪಾಲು ತೆರಿಗೆದಾರರಿಗೆ ಪೈಸೆ ಖರ್ಚಿಲ್ಲದೆ ಕಟ್ಟುವ ದಾರಿ ಫೋನಿನಲ್ಲೇ ಇದೆ. ಅಂದರೆ ಕ್ರೆಡಿಟ್ ಕಾರ್ಡ್ ಆರಿಸುವವರು ಶುಲ್ಕವನ್ನು ಕಣ್ಣಾರೆ ಕಂಡು, ತಾವಾಗಿಯೇ ಒಪ್ಪಿ ಆರಿಸುತ್ತಾರೆ.

ಈ ಏರ್ಪಾಡು ನಮ್ಮಲ್ಲಿ ಹುಟ್ಟಿದ್ದಲ್ಲ. ಪಾಯಿಂಟಿನ ಆಟ ಎಲ್ಲಕ್ಕಿಂತ ಜೋರಾಗಿರುವ ಅಮೆರಿಕದಲ್ಲಿ ತೆರಿಗೆಯನ್ನು ಕಾರ್ಡ್‌ನಲ್ಲಿ ಸ್ವೀಕರಿಸಲು 1997ರ ಟ್ಯಾಕ್ಸ್‌ಪೇಯರ್ ರಿಲೀಫ್ ಆ್ಯಕ್ಟ್ ಅವಕಾಶ ಕೊಟ್ಟಿತು. ಕೊಡುವಾಗಲೇ ಒಂದು ಕಟ್ಟು ಹಾಕಿತು: ಕಾರ್ಡ್ ಸ್ವೀಕಾರಕ್ಕಾಗಿ ಸರ್ಕಾರ ಯಾರಿಗೂ ಶುಲ್ಕ ಕೊಡುವಂತಿಲ್ಲ. ಹೀಗಾಗಿ ಅಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್ ತಾನೇ ಕಾರ್ಡ್ ಮುಟ್ಟದೆ ಖಾಸಗಿ ಸಂಸ್ಥೆಗಳ ಮೂಲಕ ಹಣ ಪಡೆಯಿತು, ಆ ಸಂಸ್ಥೆಗಳು ಶುಲ್ಕವನ್ನು ತೆರಿಗೆದಾರರಿಂದ ವಸೂಲು ಮಾಡಿದವು. 2019ರ ಟ್ಯಾಕ್ಸ್‌ಪೇಯರ್ ಫಸ್ಟ್ ಆ್ಯಕ್ಟ್ ಈ ಕಟ್ಟನ್ನು ತುಸು ಸಡಿಲಿಸಿ ಇಲಾಖೆಯೇ ನೇರವಾಗಿ ಕಾರ್ಡ್ ಪಡೆಯಬಹುದು ಎಂದಾಗಲೂ ಶುಲ್ಕವೆಲ್ಲ ಕಾರ್ಡ್ ಬಳಸಿದವರಿಂದಲೇ ಬರಬೇಕು ಎಂಬ ಷರತ್ತನ್ನು ಬಿಡಲಿಲ್ಲ. 2025ರಲ್ಲಿ ಅಲ್ಲಿ ಎರಡು ಸಂಸ್ಥೆಗಳಿಗೆ ಈ ಕೆಲಸವಿತ್ತು. ವೈಯಕ್ತಿಕ ಕ್ರೆಡಿಟ್ ಕಾರ್ಡ್‌ಗೆ ಒಂದರಲ್ಲಿ ಶೇ 1.75, ಇನ್ನೊಂದರಲ್ಲಿ ಶೇ 1.85 ಶುಲ್ಕ. ಅದೇ ಸಂಸ್ಥೆಗಳು ಡೆಬಿಟ್ ಕಾರ್ಡ್‌ಗೆ ತೆಗೆದುಕೊಳ್ಳುತ್ತಿದ್ದುದು ಸುಮಾರು 2 ಡಾಲರ್, ಅದೂ ಮೊತ್ತ ಎಷ್ಟೇ ಇರಲಿ.

ಈ ಕೊನೆಯ ಸಂಗತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹತ್ತು ಸಾವಿರ ಡಾಲರ್ ತೆರಿಗೆಯನ್ನು ಡೆಬಿಟ್ ಕಾರ್ಡ್‌ನಲ್ಲಿ ಕಟ್ಟಿದರೆ 2 ಡಾಲರ್ ಚಿಲ್ಲರೆ, ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದರೆ 175 ಡಾಲರ್. ಒಂದೇ ಸಂಸ್ಥೆ, ಒಂದೇ ಕಂಪ್ಯೂಟರ್, ಒಂದೇ ಖಜಾನೆ. ಹಣ ಸಾಗಿಸುವ ಕೆಲಸಕ್ಕೆ ತಗಲುವ ನಿಜವಾದ ವೆಚ್ಚ ಎರಡು ಡಾಲರ್‌ನೊಳಗೇ ಮುಗಿಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಉಳಿದ 173 ಡಾಲರ್‌ನಲ್ಲಿ ಕೆಲವು ದಿನದ ಸಾಲದ ವೆಚ್ಚವಿದೆ, ಸಾಲ ಮುಳುಗುವ ಅಪಾಯದ ಬಾಬ್ತಿದೆ, ಬ್ಯಾಂಕಿನ ಲಾಭವಿದೆ, ಜೊತೆಗೆ ಗಿರಾಕಿಗೆ ಮರಳಿ ಹೋಗುವ ಪಾಯಿಂಟಿನ ದುಡ್ಡೂ ಇದೆ. ಡೆಬಿಟ್ ಕಾರ್ಡಿನ ಶುಲ್ಕಕ್ಕೆ ಅಲ್ಲಿ 2010ರಲ್ಲಿ ತಂದ ಡರ್ಬಿನ್ ತಿದ್ದುಪಡಿ ಮಿತಿ ಹಾಕಿತು. ಮಿತಿ ಬಂದ ಮೇಲೆ ಡೆಬಿಟ್ ಕಾರ್ಡಿನ ಬಹುಮಾನ ಯೋಜನೆಗಳು ಬಹುಮಟ್ಟಿಗೆ ಮಾಯವಾದವು. ಶುಲ್ಕ ಬತ್ತಿದ ಕಡೆ ಪಾಯಿಂಟೂ ಬತ್ತಿತು.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಕಟ್ಟಬೇಕಾದದ್ದು 2,00,000 ರೂಪಾಯಿ, ಶುಲ್ಕ ಶೇ 0.85 ಎಂದಿಟ್ಟುಕೊಂಡರೆ 1,700 ರೂಪಾಯಿ, ಅದರ ಮೇಲಿನ ಜಿಎಸ್‌ಟಿ 306, ಒಟ್ಟು 2,006. ನಿಮ್ಮ ಕಾರ್ಡ್ ನೂರು ರೂಪಾಯಿಗೆ ಎರಡು ಪಾಯಿಂಟ್ ಕೊಡುತ್ತದೆ, ತೆರಿಗೆಗೂ ಕೊಡುತ್ತದೆ ಎಂದುಕೊಳ್ಳೋಣ. ನಾಲ್ಕು ಸಾವಿರ ಪಾಯಿಂಟ್ ಬಂತು. ಒಂದು ಪಾಯಿಂಟಿಗೆ 25 ಪೈಸೆ ಬೆಲೆ ಇರುವ ಕಾರ್ಡಾದರೆ ಅದರ ಮೌಲ್ಯ ಸಾವಿರ ರೂಪಾಯಿ. ಸಾವಿರ ಗಳಿಸಲು ಎರಡು ಸಾವಿರ ಕೊಟ್ಟಂತಾಯಿತು, ಮೂಗಿಗಿಂತ ಮೂಗುತಿ ಭಾರ. ಐವತ್ತು ಪೈಸೆಯಾದರೆ ಎರಡು ಸಾವಿರ, ಅಲ್ಲಿಗಲ್ಲಿಗೆ. ಒಂದು ರೂಪಾಯಿ ಮೌಲ್ಯ ಸಿಗುವ ದುಬಾರಿ ಕಾರ್ಡಾದರೆ ಮಾತ್ರ ಸುಮಾರು ಎರಡು ಸಾವಿರ ಉಳಿತಾಯ. ಆ ಒಂದು ರೂಪಾಯಿ ಮೌಲ್ಯವೂ ಪಾಯಿಂಟನ್ನು ವಿಮಾನದ ಟಿಕೆಟ್ಟಿಗೋ ಹೋಟೆಲಿಗೋ ಬಳಸಿದಾಗ ಸಿಗುವಂಥದ್ದು. ಬಿಲ್ಲಿಗೆ ವಜಾ ಮಾಡಿಸಿಕೊಂಡರೆ ಎಷ್ಟೋ ಕಾರ್ಡ್‌ಗಳಲ್ಲಿ ಅದು ಅರ್ಧಕ್ಕೂ ಕೆಳಗಿಳಿಯುತ್ತದೆ. ಶುಲ್ಕ ಇವತ್ತೇ, ರೂಪಾಯಿಯಲ್ಲೇ ಹೋಗುತ್ತದೆ. ಪಾಯಿಂಟು ಮುಂದೆಂದೋ, ಬ್ಯಾಂಕು ಆ ಹೊತ್ತಿಗೆ ನಿಗದಿ ಮಾಡಿದ ದರದಲ್ಲಿ ಬರುತ್ತದೆ. ದರವನ್ನು ಇಳಿಸುವ ಹಕ್ಕು ಬ್ಯಾಂಕಿನ ಷರತ್ತಿನಲ್ಲೇ ಇರುತ್ತದೆ.

ಇದಕ್ಕೂ ಮೊದಲು ದಾಟಬೇಕಾದ ಗೇಟು ಇನ್ನೊಂದಿದೆ. ಕಾರ್ಡ್ ಸ್ವೀಕರಿಸುವ ಪ್ರತಿಯೊಂದು ಕಡೆಗೂ ಅದು ಯಾವ ಬಗೆಯ ವ್ಯವಹಾರ ಎಂದು ತೋರಿಸುವ ನಾಲ್ಕಂಕಿಯ ಮರ್ಚೆಂಟ್ ಕ್ಯಾಟಗರಿ ಕೋಡ್ ಇರುತ್ತದೆ. ತೆರಿಗೆ ಪಾವತಿಯ ಕೋಡ್ 9311. ನೀವು ದುಡ್ಡು ಕಟ್ಟಿದ ಗಳಿಗೆಯಲ್ಲೇ ಈ ಸಂಖ್ಯೆ ನಿಮ್ಮ ಬ್ಯಾಂಕಿಗೆ ತಲುಪುತ್ತದೆ. ಭಾರತದ ದೊಡ್ಡ ಬ್ಯಾಂಕುಗಳಲ್ಲಿ ಹಲವು ಕಳೆದ ಕೆಲವು ವರ್ಷಗಳಲ್ಲಿ ಸರ್ಕಾರಿ ಪಾವತಿ, ಬಾಡಿಗೆ, ವ್ಯಾಲೆಟ್‌ಗೆ ಹಣ ತುಂಬುವುದು ಇವೇ ಮೊದಲಾದವನ್ನು ಪಾಯಿಂಟಿನ ಪಟ್ಟಿಯಿಂದ ಕೈಬಿಟ್ಟಿವೆ. ಕಾರಣ ಸರಳ. ತೆರಿಗೆ ಪಾವತಿಯಲ್ಲಿ ಒಟ್ಟು ಶುಲ್ಕವೇ ಶೇ 1ರ ಹತ್ತಿರವಿರುವಾಗ ಶೇ 2ರಷ್ಟು ಪಾಯಿಂಟ್ ಕೊಟ್ಟರೆ ಬ್ಯಾಂಕು ಕೈಯಿಂದ ಹಾಕಬೇಕಾಗುತ್ತದೆ. ವ್ಯಾಪಾರಿಗಳಿಗೆಂದೇ ಇರುವ ಕೆಲವು ಕಾರ್ಡ್‌ಗಳು ಇಂದಿಗೂ ತೆರಿಗೆಗೆ ಪಾಯಿಂಟ್ ಕೊಡುತ್ತವೆ, ಆದರೆ ತಿಂಗಳಿಗೆ ಇಷ್ಟೇ ಎಂಬ ಮಿತಿಯೊಂದಿಗೆ. ಆದ್ದರಿಂದ ಮೊದಲು ತಿರುವಿಹಾಕಬೇಕಾದದ್ದು ಕಾರ್ಡಿನ ಷರತ್ತುಗಳಲ್ಲಿ ‘ಪಾಯಿಂಟ್ ಸಿಗದ ವ್ಯವಹಾರಗಳು’ ಎಂಬ ಭಾಗವನ್ನು. ಜಾಹೀರಾತಿನ ದೊಡ್ಡಕ್ಷರದಲ್ಲಿ ಅದು ಇರುವುದಿಲ್ಲ.

ಹಾಗಾದರೆ ಇದರಿಂದ ಲಾಭ ಯಾರಿಗೂ ಇಲ್ಲವೇ ಎಂದರೆ, ಇದೆ. ಹೊಸ ಕಾರ್ಡ್ ತೆಗೆದುಕೊಂಡಾಗ ಮೊದಲ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದರೆ ಇಷ್ಟು ಪಾಯಿಂಟ್ ಎಂಬ ಸ್ವಾಗತ ಕೊಡುಗೆ ಅಮೆರಿಕದಲ್ಲಿ ಭಾರಿ ದೊಡ್ಡದು. ಐದು ಸಾವಿರ ಡಾಲರ್ ಖರ್ಚಿಗೆ 60,000 ಪಾಯಿಂಟ್ ಎಂದಿಟ್ಟುಕೊಳ್ಳಿ, ಪಾಯಿಂಟಿಗೆ ಒಂದು ಸೆಂಟಿನಂತೆ 600 ಡಾಲರ್. ಶೇ 1.75ರ ಲೆಕ್ಕದಲ್ಲಿ ಶುಲ್ಕ 87.50 ಡಾಲರ್. ಮನೆಖರ್ಚಿನಲ್ಲಿ ಆ ಐದು ಸಾವಿರ ಮುಟ್ಟುವುದು ಸಾಧ್ಯವಿಲ್ಲದವರಿಗೆ ಇಲ್ಲಿ 500 ಡಾಲರ್‌ಗೂ ಮಿಕ್ಕಿದ ನಿಜವಾದ ಲಾಭವಿದೆ. ಷೇರು ಮಾರಿದ ಲಾಭಕ್ಕೆ ವರ್ಷಕ್ಕೆ ನಾಲ್ಕು ಸಲ ಅಂದಾಜು ತೆರಿಗೆ ಕಟ್ಟುವ ಅಲ್ಲಿನ ಕನ್ನಡಿಗರಿಗೆ ಇದು ಹೊಸ ವಿಷಯವೇನೂ ಅಲ್ಲ. ಅದೇ ಜನ ಸ್ವಾಗತ ಕೊಡುಗೆ ಮುಗಿದ ಮೇಲೆ ಶೇ 2 ವಾಪಸು ಕೊಡುವ ಸಾಧಾರಣ ಕಾರ್ಡ್‌ನಲ್ಲಿ ಹತ್ತು ಸಾವಿರ ಡಾಲರ್ ಕಟ್ಟಿದರೆ ಉಳಿಯುವುದು 25 ಡಾಲರ್ ಮಾತ್ರ. ನಮ್ಮಲ್ಲೂ ವರ್ಷಕ್ಕೆ ಇಷ್ಟು ಲಕ್ಷ ಖರ್ಚು ಮಾಡಿದರೆ ವಾರ್ಷಿಕ ಶುಲ್ಕ ಮನ್ನಾ, ಇಂತಿಷ್ಟು ವೋಚರ್ ಎಂಬ ಮೈಲಿಗಲ್ಲುಗಳಿವೆ. ಮೈಲಿಗಲ್ಲಿಗೆ ಮೂವತ್ತು ಸಾವಿರ ಕಡಿಮೆ ಬಿದ್ದಿದ್ದರೆ ಆ ಮೂವತ್ತು ಸಾವಿರದಷ್ಟು ತೆರಿಗೆಯನ್ನು ಕಾರ್ಡ್‌ನಲ್ಲಿ ಕಟ್ಟಿ, ಉಳಿದದ್ದನ್ನು ಯುಪಿಐನಲ್ಲಿ ಕಟ್ಟುವುದು ಜಾಣತನ. ಆದರೆ ಅದಕ್ಕೂ ತೆರಿಗೆ ಪಾವತಿಯನ್ನು ಮೈಲಿಗಲ್ಲಿನ ಲೆಕ್ಕಕ್ಕೆ ಸೇರಿಸುತ್ತಾರೆಯೇ ಎಂದು ಮೊದಲೇ ಖಚಿತ ಮಾಡಿಕೊಳ್ಳಬೇಕು.

ಪಾಯಿಂಟ್ ಬಿಡಿ, ನಲವತ್ತೈದು ದಿನ ಬಡ್ಡಿಯಿಲ್ಲದ ಸಾಲ ಸಿಗುತ್ತದಲ್ಲ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ, ಆದರೆ ಕೆಲಸಕ್ಕೆ ಬರುವಷ್ಟಿಲ್ಲ. ಎರಡು ಲಕ್ಷವನ್ನು ನಲವತ್ತೈದು ದಿನ ಶೇ 3 ಬಡ್ಡಿಯ ಉಳಿತಾಯ ಖಾತೆಯಲ್ಲಿ ಬಿಟ್ಟರೆ ಬರುವುದು ಸುಮಾರು 740 ರೂಪಾಯಿ. ಶೇ 6.5ರ ಠೇವಣಿಯಲ್ಲಿಟ್ಟರೂ ಸುಮಾರು 1,600. ಎರಡೂ 2,006 ರೂಪಾಯಿಯ ಶುಲ್ಕಕ್ಕಿಂತ ಕಡಿಮೆ, ಮೇಲಾಗಿ ಆ ಬಡ್ಡಿಗೂ ತೆರಿಗೆಯುಂಟು. ಕೈಯಲ್ಲಿ ದುಡ್ಡೇ ಇಲ್ಲದೆ ಕಾರ್ಡ್ ಉಜ್ಜುವವರ ಪಾಡು ಇನ್ನೂ ಕಷ್ಟದ್ದು. ಬಿಲ್ಲು ಪೂರ್ತಿ ಕಟ್ಟದಿದ್ದರೆ ತಿಂಗಳಿಗೆ ಶೇ 3ರಿಂದ 3.75ರವರೆಗೆ ಬಡ್ಡಿ, ಅದೂ ಬಿಲ್ಲಿನ ಕೊನೆಯ ದಿನದಿಂದಲ್ಲ, ವ್ಯವಹಾರ ನಡೆದ ದಿನದಿಂದಲೇ. ಎರಡು ಲಕ್ಷಕ್ಕೆ ಶೇ 3.5ರಂತೆ ತಿಂಗಳಿಗೆ ಏಳು ಸಾವಿರ, ಜಿಎಸ್‌ಟಿ ಸೇರಿದರೆ 8,260. ಮುಂಗಡ ತೆರಿಗೆ ತಡವಾದರೆ ಇಲಾಖೆ ಹಾಕುವ ಬಡ್ಡಿ ತಿಂಗಳಿಗೆ ಶೇ 1, ಅಂದರೆ ಎರಡು ಸಾವಿರ. ಕೈ ಕಟ್ಟಿದ ಹೊತ್ತಿನಲ್ಲಿ ಸರ್ಕಾರಕ್ಕೆ ಸಾಲಗಾರನಾಗುವುದು ಕಾರ್ಡ್ ಕಂಪನಿಗೆ ಸಾಲಗಾರನಾಗುವುದಕ್ಕಿಂತ ಎಷ್ಟೋ ವಾಸಿ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ‘ತೆರಿಗೆ ಬಾಕಿ’ ಎಂಬ ಮಾತಿಗೇ ಹೆದರಿ ಕಾರ್ಡಿನ ಸಾಲಕ್ಕೆ ಬೀಳುವ ಸಣ್ಣ ವ್ಯಾಪಾರಿಗಳು, ವೃತ್ತಿಪರರು ಕಡಿಮೆಯಿಲ್ಲ.

ಇಷ್ಟು ಹೇಳಿದ ಮೇಲೆ ಬಲವಾದ ಆಕ್ಷೇಪವೊಂದು ಏಳುತ್ತದೆ. ಅಂಗಡಿಯವರು ಶುಲ್ಕವನ್ನು ತಾವೇ ಭರಿಸುವಾಗ ಸರ್ಕಾರಕ್ಕೇಕೆ ಸಾಧ್ಯವಿಲ್ಲ? ಪ್ರಾಮಾಣಿಕವಾಗಿ ತೆರಿಗೆ ಕಟ್ಟಲು ಬಂದವರಿಗೆ ಕಟ್ಟುವ ಮಾರ್ಗದ ಮೇಲೂ ಶುಲ್ಕ ಹೇರುವುದು ನ್ಯಾಯವೇ? ಕೇಳಲು ನ್ಯಾಯವಾಗಿಯೇ ಇದೆ. ಆದರೆ ಸರ್ಕಾರ ಶುಲ್ಕ ಭರಿಸುವುದೆಂದರೆ ಯಾರು ಭರಿಸಿದಂತೆ ಎಂದು ನೋಡಬೇಕು. ಅಂಗಡಿಯಲ್ಲಿ ಶುಲ್ಕ ಬೆಲೆಯೊಳಗೆ ಸೇರಿದಾಗ ನೋಟು ಕೊಟ್ಟು ಕೊಳ್ಳುವವರೂ ಅದೇ ಬೆಲೆ ತೆರುತ್ತಾರೆ, ಅವರಿಗೆ ಪಾಯಿಂಟ್ ಮಾತ್ರ ಬರುವುದಿಲ್ಲ. ಬಾಸ್ಟನ್‌ನ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಇದನ್ನು ಅಂದಾಜು ಮಾಡಿದರು. ಅಮೆರಿಕದಲ್ಲಿ ನಗದು ಬಳಸುವ ಒಂದು ಕುಟುಂಬ ವರ್ಷಕ್ಕೆ ಸರಾಸರಿ 149 ಡಾಲರನ್ನು ಕಾರ್ಡ್ ಬಳಸುವವರಿಗೆ ವರ್ಗಾಯಿಸುತ್ತಿತ್ತು, ಕಾರ್ಡ್ ಬಳಸುವ ಒಂದು ಕುಟುಂಬಕ್ಕೆ ಸರಾಸರಿ 1,133 ಡಾಲರ್ ಬರುತ್ತಿತ್ತು. ನಗದು ಬಳಸುವವರಲ್ಲಿ ಬಡವರೇ ಹೆಚ್ಚು, ಪಾಯಿಂಟ್ ಕಾರ್ಡ್ ಇರುವವರಲ್ಲಿ ಉಳ್ಳವರೇ ಹೆಚ್ಚು. ಇದು ಅಮೆರಿಕದ ಅಂಕಿ, ನಮ್ಮಲ್ಲಿ ಯುಪಿಐ ಇರುವುದರಿಂದ ಚಿತ್ರ ಅಷ್ಟು ತೀವ್ರವಾಗಿರಲಿಕ್ಕಿಲ್ಲ. ಆದರೂ ದುಡ್ಡು ಹರಿಯುವ ದಿಕ್ಕು ಅದೇ. ಅಂಗಡಿಯಲ್ಲಿ ಗೊತ್ತಿಲ್ಲದೆ ನಡೆಯುವ ಈ ವರ್ಗಾವಣೆಯನ್ನು ಖಜಾನೆಯ ಮೂಲಕವೂ ನಡೆಸಿ ಎಂದು ಕೇಳುವುದು, ಸೋಪು, ಬೆಂಕಿಪೊಟ್ಟಣಕ್ಕೂ ಜಿಎಸ್‌ಟಿ ಕಟ್ಟುವವರ ದುಡ್ಡಿನಲ್ಲಿ ಲಕ್ಷಗಟ್ಟಲೆ ತೆರಿಗೆ ಕಟ್ಟುವವರ ವಿಮಾನ ಪ್ರಯಾಣಕ್ಕೆ ನೆರವು ಕೇಳಿದಂತೆ.

ಸರ್ಕಾರವೇ ಶುಲ್ಕ ಹೊತ್ತುಕೊಂಡರೆ ಏನಾಗುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ, ನಡೆದೇ ಹೋಗಿದೆ. ಅಮೆರಿಕದ ಟಂಕಸಾಲೆ ಒಂದು ಡಾಲರಿನ ನಾಣ್ಯಗಳನ್ನು ಚಲಾವಣೆಗೆ ತರಲು 2008ರಲ್ಲಿ ಒಂದು ಯೋಜನೆ ಹಾಕಿತು. 250 ನಾಣ್ಯಗಳ ಪೆಟ್ಟಿಗೆಗೆ 250 ಡಾಲರೇ ಬೆಲೆ, ಸಾಗಣೆ ಉಚಿತ, ಕ್ರೆಡಿಟ್ ಕಾರ್ಡ್‌ಗೂ ಶುಲ್ಕವಿಲ್ಲ. ಮೈಲು, ಪಾಯಿಂಟುಗಳ ಬೆನ್ನು ಹತ್ತಿದವರಿಗೆ ಇದರ ಅರ್ಥ ಕ್ಷಣದಲ್ಲೇ ಹೊಳೆಯಿತು. ಕಾರ್ಡ್‌ನಲ್ಲಿ ನಾಣ್ಯ ಕೊಂಡರು, ಮನೆಬಾಗಿಲಿಗೆ ಬಂದ ಪೆಟ್ಟಿಗೆಯನ್ನು ನೇರ ಬ್ಯಾಂಕಿಗೆ ಒಯ್ದು ಖಾತೆಗೆ ಜಮಾ ಮಾಡಿದರು, ಆ ದುಡ್ಡಿನಲ್ಲೇ ಕಾರ್ಡಿನ ಬಿಲ್ಲು ಕಟ್ಟಿದರು, ಮತ್ತೆ ಕೊಂಡರು. ಕೈಯಿಂದ ಒಂದು ಸೆಂಟೂ ಹೋಗಲಿಲ್ಲ, ಪಾಯಿಂಟು ಮಾತ್ರ ಬೆಳೆಯುತ್ತ ಹೋಯಿತು. ನಾಣ್ಯಗಳು ಚಲಾವಣೆಗೆ ಬರುವ ಬದಲು ಬ್ಯಾಂಕಿನ ತಿಜೋರಿ ಸೇರಿದವು. ಕಾರ್ಡಿನ ಶುಲ್ಕ, ಲಾರಿ ಬಾಡಿಗೆ ಎರಡನ್ನೂ ಕೊಟ್ಟದ್ದು ಅಲ್ಲಿನ ಸಾರ್ವಜನಿಕ ಖಜಾನೆ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎನ್ನುವುದು ಇದಕ್ಕೇ. ಕೊನೆಗೆ 2011ರ ಜುಲೈನಲ್ಲಿ ಟಂಕಸಾಲೆ ಆ ಯೋಜನೆಯಡಿ ಕಾರ್ಡ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಕೊಂಡವರಲ್ಲಿ ಯಾರೂ ಕಾನೂನು ಮುರಿದಿರಲಿಲ್ಲ. ಶುಲ್ಕ ಹೊರುವವರು ಒಬ್ಬರು, ಪಾಯಿಂಟ್ ಪಡೆಯುವವರು ಇನ್ನೊಬ್ಬರಾದರೆ ಜನ ಹೀಗೆಯೇ ನಡೆದುಕೊಳ್ಳುತ್ತಾರೆ.

ಬ್ರಿಟನ್ನಿನ ಅನುಭವ ಇದರ ಇನ್ನೊಂದು ಮಗ್ಗುಲು. ಅಲ್ಲಿನ ಕಂದಾಯ ಇಲಾಖೆ ಮೊದಲು ವೈಯಕ್ತಿಕ ಕ್ರೆಡಿಟ್ ಕಾರ್ಡ್‌ನಲ್ಲಿ ತೆರಿಗೆ ಪಡೆದು, ತಗಲುವ ಶುಲ್ಕವನ್ನು ಕಟ್ಟುವವರ ಮೇಲೆ ಹಾಕುತ್ತಿತ್ತು. ಕಾರ್ಡ್ ಬಳಕೆಗೆ ಗಿರಾಕಿಗಳಿಂದ ಹೆಚ್ಚುವರಿ ಶುಲ್ಕ ಕೇಳುವಂತಿಲ್ಲ ಎಂಬ ಹೊಸ ನಿಯಮ 2018ರ ಜನವರಿ 13ರಂದು ಜಾರಿಗೆ ಬಂತು. ಇಲಾಖೆಯ ಮುಂದೆ ಎರಡೇ ದಾರಿ ಇದ್ದವು, ಶುಲ್ಕವನ್ನು ತಾನೇ ಹೊರುವುದು ಅಥವಾ ಕಾರ್ಡ್ ಬೇಡವೆನ್ನುವುದು. ಅದು ಎರಡನೆಯದನ್ನು ಆರಿಸಿತು. ಅದೇ ದಿನದಿಂದ ವೈಯಕ್ತಿಕ ಕ್ರೆಡಿಟ್ ಕಾರ್ಡ್‌ಗಳನ್ನು ತೆಗೆದುಕೊಳ್ಳುವುದನ್ನು ಬಿಟ್ಟಿತು. ಇದರಿಂದ ಅಲ್ಲಿ ಕಾರ್ಡ್ ಬಳಸಿ ಕೆಲವು ವಾರ ಉಸಿರಾಡಲು ಬಯಸಿದವರಿಗೆ ತೊಂದರೆಯಾಯಿತು ಎಂಬುದನ್ನು ಅಲ್ಲಗಳೆಯಲಾಗದು. ನನ್ನ ಮಟ್ಟಿಗೆ ಬ್ರಿಟನ್ನಿನ ದಾರಿಗಿಂತ ಭಾರತ, ಅಮೆರಿಕಗಳ ದಾರಿಯೇ ಮೇಲು. ಬೇಕಾದವರು ಶುಲ್ಕ ಕೊಟ್ಟು ಬಳಸಲಿ, ಬೇಡವಾದವರಿಗೆ ಉಚಿತ ದಾರಿ ತೆರೆದಿರಲಿ. ಆದರೆ ಶುಲ್ಕ ಹಾಕಬಾರದು ಎಂದು ಹಟ ಹಿಡಿದರೆ ಕೊನೆಗೆ ಕೈಬಿಟ್ಟುಹೋಗುವುದು ಕಾರ್ಡ್ ಸೌಲಭ್ಯವೇ ಎಂಬುದನ್ನು ಬ್ರಿಟನ್ ತೋರಿಸಿಕೊಟ್ಟಿದೆ.

ಯುಪಿಐ ವೆಚ್ಚವನ್ನು ಸರ್ಕಾರ ಹೊರುತ್ತದೆಯಲ್ಲ, ಕಾರ್ಡಿನದ್ದೇಕೆ ಬೇಡ ಎಂಬ ಮಾತೂ ಬರುತ್ತದೆ. ಹೌದು, ಸಣ್ಣ ವ್ಯಾಪಾರಿಗಳ ಯುಪಿಐ ವ್ಯವಹಾರಕ್ಕೆ ಪ್ರೋತ್ಸಾಹಧನವಾಗಿ 2024-25ನೇ ಸಾಲಿಗೆ ಕೇಂದ್ರ ಸಂಪುಟ ಸುಮಾರು 1,500 ಕೋಟಿ ರೂಪಾಯಿ ಒಪ್ಪಿತ್ತು. ಆದರೆ ಅದು 2,000 ರೂಪಾಯಿವರೆಗಿನ ವ್ಯವಹಾರಗಳಿಗೆ ಸೀಮಿತ. ಹೂ ಮಾರುವವರಿಂದ ಹಿಡಿದು ಚಹಾ ಅಂಗಡಿಯವರವರೆಗೆ ಎಲ್ಲರಿಗೂ ತಲುಪುವ ವ್ಯವಸ್ಥೆಯೊಂದು ನಡೆಯಬೇಕಲ್ಲ, ಆ ಖರ್ಚಿಗಾಗಿ ಕೊಟ್ಟದ್ದು. ಯಾರದೋ ಲೌಂಜ್ ಪ್ರವೇಶಕ್ಕೆ ಅದರಲ್ಲಿ ಪಾಲಿಲ್ಲ. ಕ್ರೆಡಿಟ್ ಕಾರ್ಡಿನ ಶುಲ್ಕದಲ್ಲಿ ಪಾಯಿಂಟಿನ ದುಡ್ಡು ಸೇರಿರುವುದರಿಂದಲೇ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಪಾಯಿಂಟಿನ ಆಸೆಗೆ ನಮ್ಮಲ್ಲಿ ಚಾಲ್ತಿಗೆ ಬಂದಿರುವ ಎರಡು ಉಪಾಯಗಳ ಬಗ್ಗೆಯೂ ಹೇಳಬೇಕು. ಒಂದು, ಬೇಕಾದದ್ದಕ್ಕಿಂತ ಹೆಚ್ಚು ಮುಂಗಡ ತೆರಿಗೆ ಕಟ್ಟಿ ಆಮೇಲೆ ರಿಫಂಡ್ ಪಡೆಯುವುದು. ರಿಫಂಡ್‌ಗೆ ಇಲಾಖೆ ಕೊಡುವ ಬಡ್ಡಿ ತಿಂಗಳಿಗೆ ಅರ್ಧ ಪರ್ಸೆಂಟ್; ರಿಫಂಡ್ ಮೊತ್ತ ಒಟ್ಟು ತೆರಿಗೆಯ ಶೇ 10ಕ್ಕಿಂತ ಕಡಿಮೆಯಾದರೆ ಅದೂ ಇಲ್ಲ. ಕಟ್ಟಿದ ಗೇಟ್‌ವೇ ಶುಲ್ಕವಂತೂ ರಿಫಂಡ್ ಆಗುವುದೇ ಇಲ್ಲ. ನಾಲ್ಕೈದು ತಿಂಗಳು ದುಡ್ಡು ಸಿಕ್ಕಿಕೊಂಡು, ರಿಟರ್ನ್ಸ್ ಪರಿಶೀಲನೆಗೆ ಹೋದರೆ ಇನ್ನಷ್ಟು ತಡವಾಗಿ, ಕೊನೆಗೆ ಕೈಗೆ ಬರುವ ಪಾಯಿಂಟಿಗೆ ಇಷ್ಟು ಪಡಿಪಾಟಲು ಬೇಕಾಗಿಲ್ಲ. ಎರಡನೆಯದು ಹೆಚ್ಚು ಅಪಾಯದ್ದು. ಅಣ್ಣನ ತೆರಿಗೆ, ಗೆಳೆಯನ ಕಂಪನಿಯ ತೆರಿಗೆ ಎಲ್ಲವನ್ನೂ ತಮ್ಮ ಕಾರ್ಡ್‌ನಲ್ಲಿ ಕಟ್ಟಿ, ಅವರಿಂದ ದುಡ್ಡನ್ನು ಖಾತೆಗೆ ಹಾಕಿಸಿಕೊಳ್ಳುವುದು. ಒಬ್ಬರ ಕಾರ್ಡ್ ಬಿಲ್ಲಿಗೆ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಜಮೆಯಾದರೆ ಬ್ಯಾಂಕು ಅದನ್ನು ಆದಾಯ ತೆರಿಗೆ ಇಲಾಖೆಗೆ ವರದಿ ಮಾಡುವ ಪದ್ಧತಿ ಇದೆ. ನಗದಾಗಿ ಕಟ್ಟಿದರೆ ಒಂದು ಲಕ್ಷಕ್ಕೇ ವರದಿ. ಎಂಟು ಲಕ್ಷ ಸಂಬಳ ತೋರಿಸಿದವರ ಕಾರ್ಡ್‌ಗೆ ಇಪ್ಪತ್ತು ಲಕ್ಷ ಜಮೆಯಾಗಿದ್ದು ಇಲಾಖೆಯ ಕಣ್ಣಿಗೆ ಬಿದ್ದರೆ ಪ್ರಶ್ನೆ ಬರುವುದು ಖಂಡಿತ. ಉತ್ತರ ಇದ್ದೀತು, ಆದರೆ ಅದನ್ನು ದಾಖಲೆ ಸಮೇತ ಕೊಡುವ ಹೊಣೆ ಕಾರ್ಡಿನ ಮಾಲೀಕರದ್ದು.

ಪಾಯಿಂಟನ್ನು ಬದಿಗಿಟ್ಟು, ಸರ್ಕಾರ ತಾನಾಗಿ ಕೊಡುವ ರಿಯಾಯಿತಿಯತ್ತಲೂ ಕಣ್ಣು ಹಾಯಿಸಬೇಕು. ಕರ್ನಾಟಕದ ನಗರಗಳಲ್ಲಿ ಆಸ್ತಿ ತೆರಿಗೆಯನ್ನು ಆರ್ಥಿಕ ವರ್ಷದ ಮೊದಲ ತಿಂಗಳಾದ ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ ಕೊಡುವ ಪದ್ಧತಿ ಬಹಳ ವರ್ಷಗಳಿಂದ ಇದೆ. ಹನ್ನೆರಡು ಸಾವಿರ ತೆರಿಗೆಗೆ 600 ರೂಪಾಯಿ. ಯಾವ ಕಾರ್ಡಿನ ಸಾಮಾನ್ಯ ಪಾಯಿಂಟೂ ಅಷ್ಟು ಕೊಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ರಿಯಾಯಿತಿ ಪಡೆಯಲು ದುಬಾರಿ ಕಾರ್ಡ್ ಬೇಕಿಲ್ಲ, ಒಳ್ಳೆಯ ಕ್ರೆಡಿಟ್ ಸ್ಕೋರ್ ಬೇಕಿಲ್ಲ. ನೆಟ್ ಬ್ಯಾಂಕಿಂಗ್‌ನಲ್ಲಿ ಕಟ್ಟಿದವರಿಗೂ, ಕೌಂಟರಿನಲ್ಲಿ ಡಿಡಿ ಕೊಟ್ಟವರಿಗೂ ಒಂದೇ ಐದು ಪರ್ಸೆಂಟ್. ಬೇಗ ಕಟ್ಟಿದ್ದರಿಂದ ಪಾಲಿಕೆಗೆ ನಿಜವಾಗಿ ಅನುಕೂಲವಾಗುತ್ತದೆ, ಅದರ ಒಂದು ಭಾಗ ಕಟ್ಟಿದವರಿಗೆ ಸಿಗುತ್ತದೆ. ತೆರಿಗೆದಾರರನ್ನು ಉತ್ತೇಜಿಸಬೇಕೆಂಬ ಕಾಳಜಿ ನಿಜವಾಗಿದ್ದರೆ ಆದಾಯ ತೆರಿಗೆಯಲ್ಲೂ ಕೇಳಬೇಕಾದದ್ದು ಇಂಥ, ಎಲ್ಲರಿಗೂ ಸಮಾನವಾದ ರಿಯಾಯಿತಿಯನ್ನು.

ಕಾರ್ಡಿನ ವಿಷಯದಲ್ಲಿ ಇಲಾಖೆಯಿಂದ ನಿರೀಕ್ಷಿಸಬಹುದಾದ ಸುಧಾರಣೆ ಬೇರೆಯದೇ. ಗೇಟ್‌ವೇಗಳ ಶುಲ್ಕ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಪರ್ಸೆಂಟಿನ ಲೆಕ್ಕ, ಅದರ ಮೇಲೆ ಜಿಎಸ್‌ಟಿಯ ಲೆಕ್ಕ ಎರಡನ್ನೂ ತೆರಿಗೆದಾರರೇ ಕೂಡಿಸಿಕೊಳ್ಳುವಂತೆ ಬಿಡದೆ, ‘ಈ ಗೇಟ್‌ವೇಯಲ್ಲಿ ಕ್ರೆಡಿಟ್ ಕಾರ್ಡ್‌ನಿಂದ ಕಟ್ಟಿದರೆ ಒಟ್ಟು ಶುಲ್ಕ 2,006 ರೂಪಾಯಿ, ಯುಪಿಐನಲ್ಲಿ ಕಟ್ಟಿದರೆ ಸೊನ್ನೆ’ ಎಂದು ಅಕ್ಕಪಕ್ಕ ರೂಪಾಯಿಯಲ್ಲೇ ತೋರಿಸಬಹುದು, ಅದೂ ದುಡ್ಡು ಕಟ್ಟುವ ಗುಂಡಿ ಒತ್ತುವ ಮೊದಲು, ಕನ್ನಡವೂ ಸೇರಿ ತೆರಿಗೆದಾರರು ಓದುವ ಭಾಷೆಯಲ್ಲಿ. ಡೆಬಿಟ್ ಕಾರ್ಡ್‌ಗೆ ಎರಡು ಡಾಲರ್ ಸಾಕಾಗುವ ಕೆಲಸಕ್ಕೆ ಕ್ರೆಡಿಟ್ ಕಾರ್ಡ್ ಎಷ್ಟು ಕೇಳುತ್ತದೆ ಎಂಬುದನ್ನು ಅಮೆರಿಕದ ತೆರಿಗೆದಾರರು ಕಟ್ಟುವ ಮೊದಲೇ ಒಂದೇ ಪಟ್ಟಿಯಲ್ಲಿ ನೋಡುತ್ತಾರೆ. ಅಷ್ಟು ನಮ್ಮ ಪೋರ್ಟಲ್‌ನಲ್ಲೂ ಕಾಣಿಸಿದರೆ, ತಮ್ಮ ಕಾರ್ಡಿನ ಪಾಯಿಂಟಿಗೆ 25 ಪೈಸೆಯೋ ಒಂದು ರೂಪಾಯಿಯೋ ಎಂದು ಬಲ್ಲ ಯಾರೇ ಆಗಲಿ ಅರ್ಧ ನಿಮಿಷದಲ್ಲಿ ತೀರ್ಮಾನಿಸಬಲ್ಲರು.